ಅಫ್ಘನ್ ಮಹಿಳೆಯರ ಸುಟ್ಟಗಾಯಗಳ ಕುರಿತು ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ವ್ಯವಹಾರಗಳ ಸಚಿವರಿಗೆ ನಮಸ್ಕಾರಗಳು.

2025ರ ಅಕ್ಟೋಬರ್ 10ರಂದು ಅಫ್ಘಾನಿಸ್ತಾನದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಾಕಿ ಅವರೊಂದಿಗೆ ದೆಹಲಿಯಲ್ಲಿ ಮಾತುಕತೆ ನಡೆಸಿದ ತಾವು, ಆ ದೇಶದ ಆರೋಗ್ಯ ಕ್ಷೇತ್ರಕ್ಕಾಗಿ ಭಾರತ ಕೈಗೆತ್ತಿಕೊಳ್ಳಲಿರುವ ಕೆಲಸಗಳನ್ನು ಪ್ರಕಟಿಸಿದಿರಿ. ಕಾಬೂಲಿನ ಬಗ್ರಾಮಿ ಜಿಲ್ಲೆಯಲ್ಲಿ 30 ಹಾಸಿಗೆಗಳ ಆಸ್ಪತ್ರೆ, ಕಾಬೂಲಿನಲ್ಲೇ ಒಂದು ಕ್ಯಾನ್ಸರ್ ಕೇಂದ್ರ ಮತ್ತು ಒಂದು ಟ್ರಾಮಾ ಕೇಂದ್ರ, ಪಕ್ತಿಕಾ, ಖೋಸ್ತ್ ಮತ್ತು ಪಕ್ತಿಯಾ ಪ್ರಾಂತ್ಯಗಳಲ್ಲಿ ಐದು ಹೆರಿಗೆ ಚಿಕಿತ್ಸಾಲಯಗಳು, ಕಾಬೂಲಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೊಸ ತಾಪನ ವ್ಯವಸ್ಥೆ, 20 ಆಂಬ್ಯುಲೆನ್ಸ್‌ಗಳು, ಸ್ಕ್ಯಾನಿಂಗ್ ಯಂತ್ರಗಳು, ಲಸಿಕೆಗಳು. ಇವುಗಳಲ್ಲಿ ಬೇಡವೆನ್ನುವಂಥದ್ದು ಒಂದೂ ಇಲ್ಲ. ಆದರೆ ಆ ಪಟ್ಟಿಯಲ್ಲಿ ಸುಟ್ಟಗಾಯಗಳನ್ನು ತಡೆಗಟ್ಟುವುದಕ್ಕಾಗಿ, ಅದರಲ್ಲೂ ಮಹಿಳೆಯರಿಗೆ ಆಗುವ ಸುಟ್ಟಗಾಯಗಳಿಗಾಗಿ, ಪ್ರತ್ಯೇಕವಾಗಿ ಹೆಸರಿಸಿದ ಯಾವ ಕಾರ್ಯಕ್ರಮವೂ ನನಗೆ ಕಾಣಲಿಲ್ಲ. ಅದನ್ನು ಸೇರಿಸಬೇಕೆಂದು ಕೋರುವುದಕ್ಕೂ, ಸೇರಿಸುವುದಾದರೆ ಹೇಗೆ ಸೇರಿಸಿದರೆ ಉಪಯೋಗವಾದೀತು ಎಂಬುದನ್ನು ನನ್ನ ಕೆಲಸದ ಅನುಭವದ ಮಿತಿಯಲ್ಲಿ ಹೇಳುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕರ್ನಾಟಕದ ಸರ್ಕಾರಿ ಆಸ್ಪತ್ರೆಯೊಂದರ ಸುಟ್ಟಗಾಯಗಳ ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು. ವಿದೇಶಾಂಗ ನೀತಿಯ ಸೂಕ್ಷ್ಮಗಳು ನನ್ನ ಕ್ಷೇತ್ರವಲ್ಲ. ಸುಟ್ಟ ಮೈ ಮಾತ್ರ ದೇಶದಿಂದ ದೇಶಕ್ಕೆ ಬೇರೆಯಾಗುವುದಿಲ್ಲ. ಡ್ರಿಪ್ ಎಷ್ಟು ಬೇಗ ಹಾಕಿದರು, ಗಾಯಕ್ಕೆ ಸೋಂಕು ತಗುಲಿತೇ, ಕತ್ತು ಮತ್ತು ಮೊಣಕೈಯ ಚರ್ಮ ಸೆಳೆದು ಅಂಟಿಕೊಳ್ಳದಂತೆ ಯಾರಾದರೂ ದಿನವೂ ವ್ಯಾಯಾಮ ಮಾಡಿಸಿದರೇ ಎಂಬ ಪ್ರಶ್ನೆಗಳು ಹುಬ್ಬಳ್ಳಿಗೂ ಹೆರಾತಿಗೂ ಒಂದೇ.

ಅಫ್ಘಾನಿಸ್ತಾನದ ಚಳಿ ನಮ್ಮ ಕಡೆಯವರ ಅಂದಾಜಿಗೆ ಸಿಗುವಂಥದ್ದಲ್ಲ. ಎತ್ತರದ ಪ್ರದೇಶಗಳಲ್ಲಿ ತಿಂಗಳುಗಟ್ಟಲೆ ಮನೆಯೊಳಗೆ ಬೆಂಕಿ ಉರಿಯುತ್ತಲೇ ಇರಬೇಕಾಗುತ್ತದೆ. ಕಟ್ಟಿಗೆ, ಕಲ್ಲಿದ್ದಲು ಅಥವಾ ಎಣ್ಣೆಯಿಂದ ಉರಿಯುವ, ಹೊಗೆಕೊಳವೆಯುಳ್ಳ ತಗಡಿನ ಒಲೆಗೆ ಅಲ್ಲಿ ಬುಖಾರಿ ಎನ್ನುತ್ತಾರೆ. ಅದಕ್ಕಿಂತ ಹಳೆಯದು ಸಂದಲಿ. ತಗ್ಗು ಮೇಜಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮೇಲೆ ದೊಡ್ಡ ರಜಾಯಿ ಹೊದಿಸಿ, ಸುತ್ತ ಕುಳಿತ ಮನೆಮಂದಿಯೆಲ್ಲ ಕಾಲುಗಳನ್ನು ಆ ರಜಾಯಿಯೊಳಗೆ ಚಾಚಿಕೊಳ್ಳುತ್ತಾರೆ, ಅಲ್ಲೇ ನಿದ್ದೆಯನ್ನೂ ಮಾಡುತ್ತಾರೆ. ರೊಟ್ಟಿ ಬೇಯುವುದು ನೆಲದಲ್ಲಿ ಹೂತ ತಂದೂರಿನಲ್ಲಿ. ಹೆಣ್ಣುಮಕ್ಕಳು ಅದರ ಬಾಯಿಯ ಮೇಲೆ ಬಾಗಿ, ತೋಳನ್ನು ಒಳಗೆ ಇಳಿಸಿ, ಗೋಡೆಗೆ ಹಿಟ್ಟನ್ನು ಬಡಿಯಬೇಕು. ಮೈಮೇಲೆ ಉದ್ದನೆಯ ಉಡುಪು, ತಲೆಯಿಂದ ಇಳಿಬಿದ್ದ ದುಪಟ್ಟಾ, ಪಕ್ಕದಲ್ಲಿ ಅಂಬೆಗಾಲಿಡುವ ಮಗು. ಗ್ಯಾಸ್ ಇರುವ ಮನೆಗಳಲ್ಲಿ ಸಣ್ಣ ಸಿಲಿಂಡರಿನ ತಲೆಯ ಮೇಲೆಯೇ ಬರ್ನರ್ ಕೂರಿಸಿ ನೆಲದ ಮೇಲಿಟ್ಟು ಅಡುಗೆ ಮಾಡುವುದು ಸಾಮಾನ್ಯ. ಹಳೆಯ ವಾಲ್ವಿನಿಂದ ಅನಿಲ ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡುತ್ತದೆ, ಮತ್ತು ಚಳಿಗೆ ಹೆದರಿ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿಕೊಂಡ ಕೋಣೆಯಿಂದ ಅದಕ್ಕೆ ಹೊರಹೋಗಲು ದಾರಿಯೇ ಇರುವುದಿಲ್ಲ.

ಎಣ್ಣೆಯ ವಿಚಾರದಲ್ಲಿ ಇನ್ನೊಂದು ಅಪಾಯವಿದೆ. ಶುದ್ಧ ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಬೇಕಾದರೆ ಅದು ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲಿನ ಆವಿಯಾದರೋ ಹೆಪ್ಪುಗಟ್ಟುವ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲ್ ಬೆರೆತರೂ ಸಾಕು, ಅಥವಾ ಪೆಟ್ರೋಲ್ ತುಂಬಿದ್ದ ಡಬ್ಬಕ್ಕೇ ಸೀಮೆಎಣ್ಣೆ ಸುರಿದರೂ ಸಾಕು, ಉರಿಯುವ ದೀಪಕ್ಕೆ ಅದನ್ನು ತುಂಬಿಸುವವಳ ಕೈಯಲ್ಲೇ ಬೆಂಕಿ ಏಳುತ್ತದೆ. ಅಂಗಡಿಯವನು ಏನು ಬೆರೆಸಿದ ಎಂಬುದು ಮನೆಯ ಹೆಂಗಸಿಗೆ ತಿಳಿಯುವ ಮಾರ್ಗವಿಲ್ಲ. ಅನೇಕ ಮನೆಗಳಲ್ಲಿ ಆ ಎಣ್ಣೆಯನ್ನು ಕೊಂಡು ತರುವವಳೂ ಅವಳಲ್ಲ.

ಸುಟ್ಟಗಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಹೆಚ್ಚಿನ ಬಗೆಯ ಗಾಯಗಳಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚಾದರೂ ಸುಟ್ಟಗಾಯಗಳಲ್ಲಿ ಹಾಗಲ್ಲ, ಹೆಂಗಸರ ಸಾವಿನ ಪ್ರಮಾಣ ತುಸು ಹೆಚ್ಚೇ ಇದೆ. ಇದಕ್ಕೆ ಆ ಸಂಸ್ಥೆ ಕೊಡುವ ಕಾರಣಗಳು ತೆರೆದ ಬೆಂಕಿಯ ಅಡುಗೆ, ಸುರಕ್ಷಿತವಲ್ಲದ ಒಲೆ, ಸಡಿಲವಾದ ಬಟ್ಟೆ, ಮತ್ತು ಅವುಗಳ ಸಾಲಿನಲ್ಲಿಯೇ, ಹಿಂಸೆ.

ಹಿಂಸೆಯ ಬಗ್ಗೆ ಬರೆಯುವ ಮೊದಲು ಹೆರಾತಿನ ಹೆಸರು ಹೇಳಬೇಕು. ಪಶ್ಚಿಮ ಅಫ್ಘಾನಿಸ್ತಾನದ ಆ ನಗರದ ಪ್ರಾದೇಶಿಕ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಒಂದು ಕೇಂದ್ರವಿದ್ದು, ಫ್ರಾನ್ಸಿನ ಮಾರ್ಸೇ ಮೂಲದ ಹ್ಯುಮಾನಿಟೆರಾ ಎಂಬ ಸೇವಾಸಂಸ್ಥೆಯ ನೆರವಿನಿಂದ 2007ರಲ್ಲಿ ಅದು ಆರಂಭವಾಯಿತು. ಸುತ್ತಲಿನ ಪ್ರಾಂತ್ಯಗಳಿಂದಲೂ ರೋಗಿಗಳು ಅಲ್ಲಿಗೇ ಬರಬೇಕು. ಒತ್ತಾಯದ ಮದುವೆ, ಬಾಲ್ಯವಿವಾಹ, ಗಂಡ ಮತ್ತು ಅತ್ತೆಮನೆಯವರ ಹೊಡೆತಗಳ ನಡುವೆ ಬದುಕಲು ಬೇರೆ ದಾರಿ ಕಾಣದೆ ತಮಗೆ ತಾವೇ ಬೆಂಕಿ ಹಚ್ಚಿಕೊಂಡ ಹುಡುಗಿಯರ ಸುದ್ದಿ ಹೊರಜಗತ್ತಿಗೆ ತಲುಪಿದ್ದು ಹೆಚ್ಚಾಗಿ ಈ ಕೇಂದ್ರದ ಮೂಲಕ. ಹಾಗಾಗಿ ಹೆರಾತ್ ಎಂದರೆ ಆತ್ಮಾಹುತಿ ಎಂಬಂತೆ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಅದರಿಂದ ಒಂದು ಒಳಿತೂ ಒಂದು ಕೆಡುಕೂ ಆಯಿತು ಎಂದು ನನಗನಿಸುತ್ತದೆ. ಜಗತ್ತು ನೋಡಿತು ಎಂಬುದು ಒಳಿತು. ತಂದೂರಿಗೆ ಬಾಗಿ ಸುಟ್ಟುಕೊಂಡವಳು, ಸಂದಲಿಯಲ್ಲಿ ಕಾಲು ಸುಟ್ಟುಕೊಂಡ ಅಜ್ಜಿ, ಮೂರ್ಛೆ ರೋಗ ಬಂದು ಒಲೆಯ ಮೇಲೆ ಬಿದ್ದವಳು ಇವರೆಲ್ಲ ಆ ಸುದ್ದಿಗಳ ಹಿಂದೆ ಮರೆಯಾದರು ಎಂಬುದು ಕೆಡುಕು.

ಈ ಎರಡು ಬಗೆಯ ಹೆಣ್ಣುಮಕ್ಕಳನ್ನು ಬೇರೆ ಬೇರೆ ಯೋಜನೆಗಳಿಗೆ ಹಂಚಲು ಬರುವುದಿಲ್ಲ ಎಂಬುದು ನನ್ನ ಮುಖ್ಯ ವಾದ. ಅದಕ್ಕೆ ಆಧಾರ ನಮ್ಮ ಬೆಂಗಳೂರಿನಲ್ಲೇ ಇದೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಎಂಬ ಮಹಿಳಾ ಸಂಘಟನೆಯ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡನ್ನೂ ಪೊಲೀಸ್ ಠಾಣೆಗಳ ದಾಖಲೆಗಳನ್ನೂ ಪಟ್ಟುಹಿಡಿದು ನೋಡುತ್ತಾ ಹೋದಾಗ, ಮದುವೆಯಾಗಿ ಕೆಲವೇ ವರ್ಷಗಳಾಗಿದ್ದ ಹೆಣ್ಣುಮಕ್ಕಳ ಸಾವುಗಳು ಸಾಲುಸಾಲಾಗಿ ‘ಸ್ಟೌ ಸಿಡಿದು’ ಎಂಬ ಒಂದೇ ಕಾರಣದಡಿ ಮುಕ್ತಾಯಗೊಂಡಿರುವುದು ಕಂಡಿತು. ವರದಕ್ಷಿಣೆ ಸಾವಿನ ಬಗ್ಗೆ ಭಾರತೀಯ ದಂಡ ಸಂಹಿತೆಗೆ 304ಬಿ ಕಲಮು ಸೇರಿದ್ದು 1986ರಲ್ಲಿ. ಅಂದರೆ ಕಾನೂನು ಬಂದು ವರ್ಷಗಳಾದ ಮೇಲೂ ವಾರ್ಡಿನ ಬಾಗಿಲಲ್ಲಿ ಸ್ಟೌ ಸಿಡಿಯುತ್ತಲೇ ಇತ್ತು. ಹಾಸಿಗೆಯ ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುವಾಗ ಮರಣಕಾಲದ ಹೇಳಿಕೆ ಬರೆದುಕೊಂಡರೆ ಆ ಹೇಳಿಕೆಯಲ್ಲಿ ಏನಿರುತ್ತದೆ ಎಂಬುದು ಈ ಕೆಲಸ ಮಾಡಿದ ಯಾವ ನರ್ಸಿಗೂ ಗೊತ್ತು. ಮನೆಯಲ್ಲಿ ಬಿಟ್ಟುಬಂದ ಮಕ್ಕಳ ನೆನಪಿನಲ್ಲೇ ಅವಳು ಮಾತಾಡುತ್ತಾಳೆ. ಎಷ್ಟೋ ಸಲ ಎರಡು ದಿನದ ನಂತರ, ರಾತ್ರಿಪಾಳಿಯಲ್ಲಿ ಡ್ರೆಸ್ಸಿಂಗ್ ಬದಲಿಸುವಾಗ, ಬೇರೆಯದೇ ಮಾತು ಹೊರಬರುತ್ತದೆ. ಆಗ ಅದನ್ನು ಬರೆದುಕೊಳ್ಳಲು ಯಾರೂ ಇರುವುದಿಲ್ಲ.

ಅಫ್ಘಾನಿಸ್ತಾನದಲ್ಲಿ ಈ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ 2009ರಲ್ಲಿ ಬಂದ ಮಹಿಳಾ ದೌರ್ಜನ್ಯ ನಿರ್ಮೂಲನಾ ಕಾನೂನು ಹಿಂಸೆಯ 22 ಬಗೆಗಳನ್ನು ಪಟ್ಟಿ ಮಾಡಿತ್ತು. ಹೆಣ್ಣೊಬ್ಬಳು ಬೆಂಕಿ ಹಚ್ಚಿಕೊಳ್ಳುವ ಸ್ಥಿತಿಗೆ ಅವಳನ್ನು ದೂಡುವುದೂ ಅದರಲ್ಲಿ ಒಂದು ಅಪರಾಧವಾಗಿತ್ತು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿದ ಮೇಲೆ ಆ ಕಾನೂನನ್ನು ಜಾರಿಗೊಳಿಸುವವರು ಉಳಿಯಲಿಲ್ಲ. ಮಹಿಳಾ ವ್ಯವಹಾರಗಳ ಸಚಿವಾಲಯದ ಕಟ್ಟಡದಲ್ಲಿ ಈಗ ‘ಸದ್ಗುಣ ಪ್ರಸಾರ ಮತ್ತು ದುರ್ಗುಣ ನಿವಾರಣೆ’ಯ ಸಚಿವಾಲಯವಿದೆ. ನ್ಯಾಯದ ದಾರಿ ಹೀಗೆ ಮುಚ್ಚಿರುವಾಗ ವಾರ್ಡಿನಲ್ಲಿ ಕೇಳುವ ಒಂದು ಪ್ರಶ್ನೆಯೇ ಅವಳಿಗೆ ಉಳಿದಿರುವ ಏಕೈಕ ಅವಕಾಶ. ಮನೆಯವರನ್ನು ಹೊರಗೆ ಕಳುಹಿಸಿ, ಪಕ್ಕದಲ್ಲಿ ಕುಳಿತು, ಅವಳದೇ ಭಾಷೆಯಲ್ಲಿ ಅದನ್ನು ಕೇಳಬೇಕು. ಅವಳ ಉತ್ತರವನ್ನು ಪೊಲೀಸರಿಗೆ ಕಳುಹಿಸುವುದು ಅಲ್ಲಿ ಅವಳ ಜೀವಕ್ಕೇ ಕುತ್ತಾಗಬಹುದು. ಗಾಯ ಮಾಗಿದ ಮೇಲೆ ಅವಳು ಅದೇ ಮನೆಗೆ ಹೋಗಬೇಕೇ, ತವರಿನಲ್ಲಿ ಕೆಲವು ತಿಂಗಳು ಇರಿಸಿಕೊಳ್ಳುವವರು ಇದ್ದಾರೆಯೇ, ಜೊತೆಗಿರುವ ಚಿಕ್ಕ ನಾದಿನಿಗೂ ಇದೇ ಗತಿಯೇ ಎಂಬುದನ್ನು ತಿಳಿದು ಆಸ್ಪತ್ರೆಯ ಮಟ್ಟದಲ್ಲೇ ಏನಾದರೂ ಮಾಡುವುದಕ್ಕಾಗಿ ಆ ಪ್ರಶ್ನೆ ಬೇಕು. ಅದನ್ನು ಕೇಳಬಲ್ಲವಳು ಹೆಣ್ಣು ಮಾತ್ರ.

ಮನೆಯೊಳಗಿನ ಬೆಂಕಿಯ ಬಗ್ಗೆ ಹೇಳಿಕೊಡಬಲ್ಲವಳೂ ಹೆಣ್ಣು ಮಾತ್ರ. ಸುಟ್ಟ ಕೂಡಲೇ ಗಾಯದ ಮೇಲೆ 20 ನಿಮಿಷ ತಣ್ಣನೆಯ ನೀರು ಹರಿಸಬೇಕು, ಮಂಜುಗಡ್ಡೆ ಇಡಬಾರದು, ಉಂಗುರ ಬಳೆಗಳನ್ನು ಊತ ಬರುವ ಮೊದಲೇ ತೆಗೆಯಬೇಕು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು, ಬೇರೇನನ್ನೂ ಹಚ್ಚಬಾರದು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು, ಜನ ಅದನ್ನು ರೂಢಿಸಿಕೊಳ್ಳಲು ವರ್ಷಗಳು ಬೇಕು. (ನಮ್ಮಲ್ಲಿ ಈಗಲೂ ಸುಟ್ಟ ಕೈಗೆ ದೋಸೆಹಿಟ್ಟು, ಇಂಕು, ಟೂತ್‌ಪೇಸ್ಟ್ ಬಳಿದುಕೊಂಡು ಬರುವವರು ಓದಿದವರಲ್ಲೂ ಇದ್ದಾರೆ; ಅದನ್ನೆಲ್ಲ ಉಜ್ಜಿ ತೆಗೆಯುವಾಗ ಅವರು ಪಡುವ ನೋವು ಸುಟ್ಟಾಗಿನ ನೋವಿಗಿಂತ ಕಡಿಮೆಯಲ್ಲ.) ನೀರನ್ನು ದೂರದಿಂದ ಹೊತ್ತು ತರುವ ಹಳ್ಳಿಯಲ್ಲಿ 20 ನಿಮಿಷ ಹರಿಯುವ ನೀರು ಎನ್ನುವುದಕ್ಕೂ ಅರ್ಥವಿರುವುದಿಲ್ಲ. ಅಲ್ಲಿ ಒಂದು ಕೊಡ ನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಗಾಯವನ್ನು ತಂಪಾಗಿಸುವುದು ಹೇಗೆ ಎಂದು ತೋರಿಸಿಕೊಡಬೇಕು. ಇದು ಪೋಸ್ಟರಿನಿಂದ ಆಗುವ ಕೆಲಸವಲ್ಲ, ಮಸೀದಿಯ ಧ್ವನಿವರ್ಧಕದಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ತಂದೂರಿನ ಪಕ್ಕದಲ್ಲಿ ಕುಳಿತು, ದುಪಟ್ಟಾವನ್ನು ಹಿಂದಕ್ಕೆ ಕಟ್ಟಿಕೊಳ್ಳುವುದನ್ನು ಮಾಡಿ ತೋರಿಸಿ, ಮಗು ತೆವಳಿ ಬರದಂತೆ ಸುತ್ತ ಮೊಣಕಾಲೆತ್ತರದ ಮಣ್ಣಿನ ಕಟ್ಟೆ ಎಬ್ಬಿಸಲು ಅತ್ತೆಯನ್ನು ಒಪ್ಪಿಸಬೇಕು. ಪರಗಂಡಸು ಆ ಅಂಗಳದೊಳಗೆ ಕಾಲಿಡಲಾರ.

ಇಂಥ ಹೆಣ್ಣುಮಕ್ಕಳು ಅಫ್ಘಾನಿಸ್ತಾನದಲ್ಲಿ ಇದ್ದಾರೆ ಎಂಬುದನ್ನು ನಾವು ಮರೆಯಬಾರದು. 2003ರಿಂದ ಆ ದೇಶ ಕಟ್ಟಿಕೊಂಡ ಮೂಲ ಆರೋಗ್ಯ ಸೇವಾ ವ್ಯವಸ್ಥೆಯಲ್ಲಿ ಪ್ರತಿ ಆರೋಗ್ಯ ತಾಣಕ್ಕೆ ಒಬ್ಬ ಪುರುಷ ಮತ್ತು ಒಬ್ಬ ಮಹಿಳಾ ಕಾರ್ಯಕರ್ತೆ ಇರಬೇಕೆಂಬ ನಿಯಮವಿತ್ತು. ಒಂದು ತಾಣದ ವ್ಯಾಪ್ತಿಗೆ ಸುಮಾರು 100ರಿಂದ 150 ಮನೆಗಳು. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸುವುದಿಲ್ಲ. ಯುದ್ಧ, ಆಡಳಿತ ಬದಲಾವಣೆ, ಹಣದ ಕೊರತೆ ಇವೆಲ್ಲದರ ನಡುವೆಯೂ ಸೂಲಗಿತ್ತಿಯರು, ನರ್ಸುಗಳು, ಹಳ್ಳಿಯ ಕಾರ್ಯಕರ್ತೆಯರು ಕೆಲಸ ಬಿಟ್ಟಿಲ್ಲ. ಮಹಿಳೆಯರು ಸರ್ಕಾರೇತರ ಸಂಸ್ಥೆಗಳಲ್ಲಿ ಕೆಲಸ ಮಾಡಬಾರದೆಂದು 2022ರ ಡಿಸೆಂಬರಿನಲ್ಲಿ ಆದೇಶ ಬಂದಾಗಲೂ ಆರೋಗ್ಯ ಕ್ಷೇತ್ರಕ್ಕೆ ಕೆಲವೇ ವಾರಗಳಲ್ಲಿ ವಿನಾಯಿತಿ ಸಿಕ್ಕಿತು. ಅವರಿಲ್ಲದೆ ತಮ್ಮ ಮನೆಯ ಹೆರಿಗೆಗಳೂ ಆಗುವುದಿಲ್ಲ ಎಂಬುದು ಆಳುವವರಿಗೂ ತಿಳಿದಿತ್ತು.

ಆದರೆ ಈಗ ಬುಡಕ್ಕೇ ಏಟು ಬಿದ್ದಿದೆ. 2024ರ ಡಿಸೆಂಬರ್ ಆರಂಭದಲ್ಲಿ ನರ್ಸಿಂಗ್ ಮತ್ತು ಪ್ರಸೂತಿ ಶುಶ್ರೂಷೆ ಕಲಿಸುವ ಸಂಸ್ಥೆಗಳಿಗೂ ಹೆಣ್ಣುಮಕ್ಕಳು ಬರಕೂಡದೆಂದು ತಾಲಿಬಾನ್ ನಿರ್ಬಂಧ ಹಾಕಿತು. ಪ್ರೌಢಶಾಲೆ 2021ರಿಂದಲೇ ಇಲ್ಲ, ವಿಶ್ವವಿದ್ಯಾಲಯ 2022ರ ಡಿಸೆಂಬರಿನಿಂದ ಇಲ್ಲ, ಉಳಿದಿದ್ದ ಒಂದು ಬಾಗಿಲೂ ಹೀಗೆ ಮುಚ್ಚಿತು. ಇಂದು ಕೆಲಸದಲ್ಲಿರುವ ನರ್ಸ್ ವಯಸ್ಸಾಗಿ ನಿಂತರೆ, ಮದುವೆಯಾಗಿ ಬೇರೆ ಪ್ರಾಂತ್ಯಕ್ಕೆ ಹೋದರೆ, ದೇಶ ಬಿಟ್ಟರೆ, ಅವಳ ಜಾಗಕ್ಕೆ ಬರುವವಳಿಲ್ಲ. ಗಂಡು ನರ್ಸುಗಳನ್ನು ಎಷ್ಟು ಬೇಕಾದರೂ ತರಬೇತುಗೊಳಿಸಬಹುದು. ಆದರೆ ಎದೆ, ಹೊಟ್ಟೆ, ತೊಡೆ ಸುಟ್ಟುಕೊಂಡ ಹೆಣ್ಣಿನ ಡ್ರೆಸ್ಸಿಂಗನ್ನು ಅವರು ಮಾಡಲು ಮನೆಯವರು ಒಪ್ಪುವುದಿಲ್ಲ. ಒಪ್ಪಿಸುವ ಹೊತ್ತಿಗೆ ಗಾಯ ಕೀವಾಗಿರುತ್ತದೆ.

ಆಸ್ಪತ್ರೆ ತಲುಪುವುದೂ ಸುಲಭವಲ್ಲ. 72 ಕಿಲೋಮೀಟರಿಗಿಂತ ದೂರ ಹೋಗುವ ಹೆಣ್ಣಿನ ಜೊತೆ ರಕ್ತಸಂಬಂಧಿ ಗಂಡಸು ಅಥವಾ ಪತಿ, ಅಂದರೆ ಮಹರಮ್, ಇರಬೇಕೆಂಬ ನಿಯಮ 2021ರ ಡಿಸೆಂಬರಿನಿಂದ ಇದೆ. 2025ರ ನವೆಂಬರಿನಲ್ಲಿ ಹೆರಾತಿನ ಪ್ರಾದೇಶಿಕ ಆಸ್ಪತ್ರೆಗೆ ಬುರ್ಖಾ ಇಲ್ಲದೆ ಬಂದ ಮಹಿಳೆಯರನ್ನು ಬಾಗಿಲಲ್ಲೇ ತಡೆಯಲಾಗುತ್ತಿದೆ ಎಂದು ಗಡಿರಹಿತ ವೈದ್ಯರ ಸಂಘಟನೆಯಾದ ಎಂಎಸ್‌ಎಫ್ ಹೇಳಿತು, ಅಧಿಕಾರಿಗಳು ಅದನ್ನು ಅಲ್ಲಗಳೆದರು. ಇದರ ಮೇಲೆ ಅಮೆರಿಕದ ನೆರವು ನಿಂತು, 2025ರ ಮಾರ್ಚ್ ವೇಳೆಗೆ ದೇಶಾದ್ಯಂತ 167 ಆರೋಗ್ಯ ಕೇಂದ್ರಗಳು ಹಣವಿಲ್ಲದೆ ಬಾಗಿಲು ಹಾಕಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಸುಟ್ಟಗಾಯದಲ್ಲಿ ಮೊದಲ ದಿನದ ದ್ರವ ಚಿಕಿತ್ಸೆ ತಪ್ಪಿದರೆ ಮೂತ್ರಪಿಂಡಗಳು ಕೈಕೊಡುತ್ತವೆ. ಹತ್ತಿರದ ಕೇಂದ್ರ ಮುಚ್ಚಿ, ಮಹರಮ್ ಹೊಲದಿಂದಲೋ ಇರಾನಿನಿಂದಲೋ ಬರುವವರೆಗೆ ಕಾದ ಮೇಲೆ ಎಷ್ಟು ಒಳ್ಳೆಯ ಟ್ರಾಮಾ ಕೇಂದ್ರ ಕಾಬೂಲಿನಲ್ಲಿದ್ದರೂ ಅದರಿಂದ ಅವಳಿಗೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಈಗಾಗಲೇ ಕೆಲಸದಲ್ಲಿರುವ ಅಫ್ಘನ್ ಮಹಿಳಾ ನರ್ಸುಗಳಿಗೆ, ಸೂಲಗಿತ್ತಿಯರಿಗೆ ಮತ್ತು ಹಳ್ಳಿಯ ಕಾರ್ಯಕರ್ತೆಯರಿಗೆ ಸುಟ್ಟಗಾಯಗಳ ಆರೈಕೆ ಹಾಗೂ ತಡೆಗಟ್ಟುವಿಕೆಯಲ್ಲಿ ಸೇವಾನಿರತ ತರಬೇತಿ ಕೊಡುವ ಕಾರ್ಯಕ್ರಮವನ್ನು ಭಾರತ ತನ್ನ ಹಣದಿಂದ ಆರಂಭಿಸಬೇಕು. ನಿರ್ಬಂಧವಿರುವುದು ಸಂಸ್ಥೆಗಳಲ್ಲಿ ಕಲಿಯುವವರ ಮೇಲೆ. ಆಸ್ಪತ್ರೆಯೊಳಗೆ ನೌಕರರಿಗೆ ಕೊಡುವ ತರಬೇತಿಗೆ ಎಡೆ ಇನ್ನೂ ಉಳಿದಿದೆ, ಅದೂ ಮುಚ್ಚಿಹೋಗುವ ಮೊದಲು ಬಳಸಿಕೊಳ್ಳಬೇಕು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಅಫ್ಘನ್ ವಿದ್ಯಾರ್ಥಿಗಳಿಗೆ ಆನ್‌ಲೈನ್ ವಿದ್ಯಾರ್ಥಿವೇತನಗಳನ್ನು ಈಗಾಗಲೇ ಕೊಡುತ್ತಿರುವುದರಿಂದ ಇದರ ಒಂದು ಭಾಗಕ್ಕೆ ದಾರಿ ಸಿದ್ಧವಾಗಿಯೇ ಇದೆ. ಕೈಯಿಂದ ಮಾಡಿ ಕಲಿಯಬೇಕಾದದ್ದನ್ನು ಮಾತ್ರ ಹೆರಾತ್ ಮತ್ತು ಕಾಬೂಲಿನ ವಾರ್ಡುಗಳಲ್ಲೇ, ಅಲ್ಲಿನ ಹಿರಿಯ ನರ್ಸುಗಳಿಂದಲೇ ಕಲಿಸಬೇಕು. ಅವರು ಹೆಚ್ಚಿನ ವೇತನಕ್ಕೆ ಅರ್ಹರು ಎಂಬುದನ್ನೂ ಬಜೆಟ್ಟಿನಲ್ಲಿ ಬರೆಯಬೇಕು. ಕಾರ್ಯಕರ್ತೆಯ ಜೊತೆ ಹೋಗುವ ಮಹರಮಿನ ಬಸ್ ಚಾರ್ಜು, ಊಟ, ದಿನದ ಕೂಲಿಯನ್ನು ಕೂಡ ಯೋಜನೆಯೇ ಭರಿಸಬೇಕು. ಆ ನಿಯಮವನ್ನು ನಾನು ಒಪ್ಪುತ್ತೇನೆಂದಲ್ಲ. ಆದರೆ ಆ ಖರ್ಚನ್ನು ಯಾರೂ ಕೊಡದಿದ್ದರೆ ಅವಳು ಮನೆಯಿಂದ ಹೊರಡುವುದೇ ಇಲ್ಲ, ಮತ್ತು ದೆಹಲಿಯಲ್ಲಿ ಕುಳಿತ ಲೆಕ್ಕಪರಿಶೋಧಕರು ಇದನ್ನು ಅನಗತ್ಯ ವೆಚ್ಚವೆಂದು ಹೊಡೆದುಹಾಕುವ ಸಾಧ್ಯತೆ ನನಗೆ ಚೆನ್ನಾಗಿ ಗೊತ್ತು.

ಇದರಲ್ಲಿ ಕರ್ನಾಟಕ ಮಾಡಬಹುದಾದದ್ದು ಇದೆ. ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ಕೇಂದ್ರದಲ್ಲಿ, ಅದರ ಜೊತೆಗಿರುವ ಚರ್ಮ ನಿಧಿಯಲ್ಲಿ ದಶಕಗಳ ಕೈಕೌಶಲ ಸೇರಿಕೊಂಡಿದೆ. ವೈದ್ಯರ ಪಾಂಡಿತ್ಯವನ್ನು ಎಲ್ಲರೂ ಬಲ್ಲರು. ಅಲ್ಲಿನ ನರ್ಸುಗಳ ಮತ್ತು ಫಿಸಿಯೋಥೆರಪಿಸ್ಟರ ತಿಳಿವಳಿಕೆ ಮಾತ್ರ ಯಾವ ಪುಸ್ತಕಕ್ಕೂ ಬಂದಿಲ್ಲ. ದುಬಾರಿ ಸಾಮಗ್ರಿ ಇಲ್ಲದೆ ಬಾಳೆ ಎಲೆಯಿಂದ ಡ್ರೆಸ್ಸಿಂಗ್ ಮಾಡುವುದು ನಮ್ಮ ದೇಶದ ಆಸ್ಪತ್ರೆಗಳು ಕಂಡುಕೊಂಡ ಉಪಾಯ. ಅಫ್ಘಾನಿಸ್ತಾನದಲ್ಲಿ ಬಾಳೆ ಸಿಗದಿದ್ದರೂ ಇರುವುದರಲ್ಲೇ ನಿಭಾಯಿಸುವ ಆ ಬುದ್ಧಿ ಅಲ್ಲಿಗೂ ಬೇಕಾದದ್ದು. ನಿಮ್ಹಾನ್ಸ್ ಇರುವುದೂ ಬೆಂಗಳೂರಿನಲ್ಲೇ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಅದೇ ಕೇಂದ್ರಬಿಂದು. ಬದುಕು ಸಾಕೆನಿಸಿದವಳೊಡನೆ ಫೋನಿನಲ್ಲಿ ಹೇಗೆ ಮಾತಾಡಬೇಕು, ಮೊದಲ ಐದು ನಿಮಿಷದಲ್ಲಿ ಏನನ್ನು ಕೇಳಬೇಕು, ಏನನ್ನು ಹೇಳಲೇಬಾರದು ಎಂಬ ತರಬೇತಿಯನ್ನು ಅವರು ಇಲ್ಲಿನ ಹಲವು ಭಾಷೆಗಳಲ್ಲಿ ಕೊಟ್ಟಿದ್ದಾರೆ. ಅದೇ ಪಾಠವನ್ನು ದರಿ ಮತ್ತು ಪಶ್ತೋ ಭಾಷೆಗಳಿಗೆ ತರಬಹುದು. ಅನುವಾದಕರನ್ನು ಹುಡುಕಲು ದೂರ ಹೋಗಬೇಕಿಲ್ಲ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಅಫ್ಘನ್ ವಿದ್ಯಾರ್ಥಿಗಳು ಎಷ್ಟೋ ಜನರಿದ್ದಾರೆ. (ಈ ಪತ್ರವನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಸಾಕೆಂಬ ಆಲೋಚನೆ ಬರುತ್ತಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.)

ಎರಡನೆಯದು ರಾಜತಾಂತ್ರಿಕ ಕೋರಿಕೆ. ಮುತ್ತಾಕಿ ಅವರು ಅಕ್ಟೋಬರ್ 10ರಂದೇ ದೆಹಲಿಯ ಅಫ್ಘನ್ ರಾಯಭಾರ ಕಚೇರಿಯಲ್ಲಿ ಕರೆದ ಪತ್ರಿಕಾಗೋಷ್ಠಿಯಲ್ಲಿ ಮಹಿಳಾ ಪತ್ರಕರ್ತರಿಗೆ ಜಾಗವಿರಲಿಲ್ಲ. ಅದಕ್ಕೆ ದೇಶದ ತುಂಬ ಆಕ್ಷೇಪ ಬಂದ ಮೇಲೆ ಎರಡೇ ದಿನಗಳಲ್ಲಿ ಇನ್ನೊಂದು ಗೋಷ್ಠಿ ನಡೆಯಿತು, ಅದರಲ್ಲಿ ಮಹಿಳೆಯರು ಮುಂದಿನ ಸಾಲಿನಲ್ಲೇ ಕುಳಿತು ಪ್ರಶ್ನೆ ಕೇಳಿದರು. ಕೇಳಿದರೆ ಬದಲಾಗುವ ವಿಷಯಗಳೂ ಇವೆ ಎಂದು ಇದರಿಂದ ನಾನು ತಿಳಿಯುತ್ತೇನೆ. ಕಾಬೂಲಿನಲ್ಲಿದ್ದ ನಮ್ಮ ತಾಂತ್ರಿಕ ಕಚೇರಿಯನ್ನು ರಾಯಭಾರ ಕಚೇರಿಯ ದರ್ಜೆಗೆ ಏರಿಸಲಾಗಿದೆ. ತಾಲಿಬಾನ್ ಆಡಳಿತಕ್ಕೆ ಮಾನ್ಯತೆ ಕೊಡುವ ಪ್ರಶ್ನೆಯನ್ನು ಬದಿಗಿಟ್ಟೂ ನೇರವಾಗಿ ಮಾತಾಡುವ ಅವಕಾಶ ಭಾರತಕ್ಕೆ ಸಿಕ್ಕಿದೆ. ಹೆಣ್ಣುಮಕ್ಕಳ ಎಲ್ಲ ಹಕ್ಕುಗಳನ್ನೂ ಒಂದೇ ಮೇಜಿನ ಮೇಲೆ ಗೆಲ್ಲಲಾಗದು ಎಂಬುದು ನನಗೂ ತಿಳಿಯುತ್ತದೆ. ನಾವು ಕಟ್ಟಿಕೊಡುವ ಐದು ಹೆರಿಗೆ ಚಿಕಿತ್ಸಾಲಯಗಳಲ್ಲಿ ಕೆಲಸ ಮಾಡಲು ಹೆಂಗಸರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಯನ್ನಂತೂ ಕೇಳಬಹುದಲ್ಲವೇ? ನರ್ಸಿಂಗ್ ಶಿಕ್ಷಣದ ನಿರ್ಬಂಧ ತೆಗೆಯದೆ ಆ ಕಟ್ಟಡಗಳು ನಡೆಯುವುದಿಲ್ಲ ಎಂದು ಹೇಳುವುದು ಉಪದೇಶವಲ್ಲ. ಹಣ ಹೂಡುವ ಯಾರಾದರೂ ಆಡಬೇಕಾದ ಲೆಕ್ಕದ ಮಾತು.

ತಾಲಿಬಾನ್ ಆಡಳಿತಕ್ಕೆ ನೆರವು ಕೊಟ್ಟು ಅವರಿಗೆ ಗೌರವ ತಂದುಕೊಡಬಾರದು ಎನ್ನುವ ಗೆಳತಿಯರು ನನಗಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನೆರವು ನಿಂತ ದೇಶದಲ್ಲಿ ಮೊದಲು ಮುಚ್ಚುವುದು ಹಳ್ಳಿಯ ಆರೋಗ್ಯ ಕೇಂದ್ರ, ಮತ್ತು ಅಲ್ಲಿ ಮೊದಲು ಕೆಲಸ ಕಳೆದುಕೊಳ್ಳುವವಳು ಹೆಣ್ಣು ಎಂಬುದನ್ನು ಕಳೆದ ವರ್ಷಗಳು ತೋರಿಸಿವೆ. ನಮ್ಮಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮದಿಂದ ತೀವ್ರ ಸುಟ್ಟಗಾಯಗಳಿಗೆ ಒಳಗಾಗುತ್ತಿರುವಾಗ ಹೊರದೇಶದ ಚಿಂತೆ ಏಕೆ ಎಂದು ಕೇಳುವವರೂ ಇದ್ದಾರೆ. ಆ ಅಂಕಿ ನಿಜ. ನಮ್ಮ ಜಿಲ್ಲಾಸ್ಪತ್ರೆಗಳ ಸುಟ್ಟಗಾಯಗಳ ವಾರ್ಡುಗಳ ಬಗ್ಗೆ ಆರೋಗ್ಯ ಸಚಿವರಿಗೆ ಬೇರೆಯೇ ಪತ್ರ ಬರೆಯಬೇಕಾದೀತು. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ವಿದೇಶಿ ನೆರವಿಗೆಂದು ಈಗಾಗಲೇ ಎತ್ತಿಟ್ಟ ಹಣದಲ್ಲಿ ಒಂದು ಸಣ್ಣ ಪಾಲನ್ನು.

ಇನ್ನು ಉರುವಲಿನ ವಿಷಯ. ಹೆರಾತ್ ಪ್ರಾಂತ್ಯದ ಚಿಶ್ತಿ ಶರೀಫದಲ್ಲಿ ಭಾರತ ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟು 2016ರ ಜೂನ್ 4ರಂದು ಉದ್ಘಾಟನೆಯಾಯಿತು, ಅದರ ವಿದ್ಯುತ್ ಸಾಮರ್ಥ್ಯ 42 ಮೆಗಾವಾಟ್. ಮನೆಗೆ ನೆಚ್ಚಿಕೆಯ ವಿದ್ಯುತ್ ಬಂದರೆ ಸೀಮೆಎಣ್ಣೆ ದೀಪ ಆರುತ್ತದೆ. ಅಣೆಕಟ್ಟನ್ನು ಸುಸ್ಥಿತಿಯಲ್ಲಿಡುವುದೂ ಈ ಅರ್ಥದಲ್ಲಿ ಸುಟ್ಟಗಾಯ ತಡೆಯುವ ಕೆಲಸವೇ. ಇಂದಿರಾ ಗಾಂಧಿ ಸಂಸ್ಥೆಯ ತಾಪನ ವ್ಯವಸ್ಥೆಯನ್ನು ಬದಲಿಸಲು ಒಪ್ಪಿದ ನಮ್ಮ ಸರ್ಕಾರಕ್ಕೆ, ಆ ಮಕ್ಕಳು ಮನೆಗೆ ಹೋದ ಮೇಲೆ ಯಾವ ಒಲೆಯ ಪಕ್ಕದಲ್ಲಿ ಮಲಗುತ್ತಾರೆ ಎಂಬ ಯೋಚನೆ ಕಷ್ಟದ್ದಲ್ಲ. ಸದ್ಯದ ತುರ್ತು ಇರುವುದು ಗಡಿಯಲ್ಲಿ. 2025ರ ಒಂದೇ ವರ್ಷದಲ್ಲಿ ಇರಾನ್ ಮತ್ತು ಪಾಕಿಸ್ತಾನಗಳಿಂದ 20 ಲಕ್ಷಕ್ಕೂ ಹೆಚ್ಚು ಅಫ್ಘನ್ನರು ಹಿಂದಿರುಗಿದರು. ಇರಾನಿನಿಂದ ಬಂದವರಲ್ಲಿ ಅನೇಕರು ಹೆರಾತಿನ ಇಸ್ಲಾಂ ಖಲಾ ಗಡಿಯನ್ನು ದಾಟಿದವರು. ಗುಡಾರದ ಬಟ್ಟೆಯೊಳಗೆ ಒಲೆ ಹೊತ್ತಿಸಿಕೊಂಡು ಚಳಿಗಾಲ ಕಳೆಯುವವರಿಗೆ ಕಂಬಳಿ, ಗೋಧಿ ಕಳುಹಿಸುವಾಗ ಭದ್ರವಾದ ಪಾದವುಳ್ಳ, ಸುತ್ತ ಕಂಬಿ ಇರುವ ಒಲೆ, ಸಿಲಿಂಡರಿಗೆ ಸರಿಯಾದ ರೆಗ್ಯುಲೇಟರ್ ಮತ್ತು ರಬ್ಬರ್ ಪೈಪು, ಪ್ರತಿ ಗುಡಾರಕ್ಕೆ ಮುಚ್ಚಳವುಳ್ಳ ನೀರಿನ ಡ್ರಮ್ಮು ಇವನ್ನೂ ಕಳುಹಿಸಬಹುದು. 2023ರಲ್ಲಿ ಇರಾನಿನ ಚಾಬಹಾರ್ ಬಂದರಿನ ಮೂಲಕ ವಿಶ್ವ ಆಹಾರ ಕಾರ್ಯಕ್ರಮಕ್ಕೆ 20,000 ಟನ್ ಗೋಧಿ ಕೊಡುವುದಾಗಿ ಘೋಷಿಸಿದ ನಮಗೆ ದಾರಿ ಹೊಸದಲ್ಲ.

ಈಗಾಗಲೇ ಸುಟ್ಟು ಬದುಕುಳಿದವರಿಗಾಗಿ ಒಂದು ಮಾತು. ಗದ್ದ ಎದೆಗೆ ಅಂಟಿ ಬಾಯಿ ಮುಚ್ಚಲಾಗದ, ಕೈಬೆರಳುಗಳು ಅಂಗೈಯೊಳಗೆ ಸೇರಿಹೋದ ಹೆಣ್ಣಿಗೆ ಶಸ್ತ್ರಚಿಕಿತ್ಸೆಯಿಂದ ತಟ್ಟೆಯಿಂದ ಅನ್ನ ಎತ್ತಿಕೊಳ್ಳುವಷ್ಟು ಬದುಕನ್ನು ಹಿಂದಿರುಗಿಸಬಹುದು. ಅಫ್ಘನ್ನರಿಗೆ ವೈದ್ಯಕೀಯ ವೀಸಾ ಕೊಡುವುದನ್ನು ಹೆಚ್ಚಿಸಿರುವಾಗ ಅದರಲ್ಲಿ ಈ ಶಸ್ತ್ರಚಿಕಿತ್ಸೆಗೆ ಬರುವ ಬಡ ಮಹಿಳೆಯರಿಗೆ ಜೊತೆಗಾರರ ಸಮೇತ ಸರ್ಕಾರಿ ವೆಚ್ಚದಲ್ಲಿ ಕೆಲವು ಸ್ಥಾನಗಳನ್ನು ಮೀಸಲಿಡಬೇಕು. ಅವರು ಬಂದಾಗ ಕ್ಯಾಮೆರಾಗಳನ್ನು ದೂರವಿಡಬೇಕೆಂದೂ ಕೋರುತ್ತೇನೆ. ಸುಟ್ಟ ಮುಖದ ಚಿತ್ರವನ್ನು ನೆರವಿನ ಜಾಹೀರಾತಿಗೆ ಬಳಸುವುದನ್ನು ನಾನು ಯಾವ ಸಂಸ್ಥೆಗೂ ಕ್ಷಮಿಸಲಾರೆ, ಆ ಚಿತ್ರ ಊರಿಗೆ ತಲುಪಿದರೆ ಏನಾಗುತ್ತದೆ ಎಂಬುದು ಚಿತ್ರ ತೆಗೆದವರಿಗೆ ತಿಳಿಯುವುದೂ ಇಲ್ಲ.

ಪಕ್ತಿಕಾ, ಖೋಸ್ತ್, ಪಕ್ತಿಯಾಗಳ ಐದು ಚಿಕಿತ್ಸಾಲಯಗಳ ನಕ್ಷೆಗಳು ಅಂತಿಮವಾಗುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಪ್ರತಿಯೊಂದರಲ್ಲೂ ಹೆರಿಗೆ ಕೋಣೆಯ ಪಕ್ಕದಲ್ಲಿ ಡ್ರೆಸ್ಸಿಂಗಿಗೆ ಒಂದು ಸಣ್ಣ ಕೋಣೆ ಇರಲಿ. ಅದಕ್ಕೆ ಒಳಗಿನಿಂದ ಚಿಲಕ ಹಾಕುವ ಬಾಗಿಲಿರಲಿ, ಮನೆಯವರು ಹೊರಗೆ ಕುಳಿತುಕೊಳ್ಳಲು ಬೆಂಚಿರಲಿ. ಮುಂಬಾಗಿಲ ಬಳಿಯೇ ಚಳಿಗಾಲದಲ್ಲೂ ಹೆಪ್ಪುಗಟ್ಟದ ನಲ್ಲಿಯೊಂದು ಇರಲಿ. ಸಿಬ್ಬಂದಿ ಪಟ್ಟಿಯಲ್ಲಿ ಸೂಲಗಿತ್ತಿಯ ಹುದ್ದೆಯ ಕೆಳಗೆ ಸುಟ್ಟಗಾಯಗಳ ತರಬೇತಿ ಪಡೆದ ಒಬ್ಬ ಮಹಿಳಾ ನರ್ಸಿನ ಹುದ್ದೆಯನ್ನು, ಅವಳ ಸಂಬಳದ ಸಮೇತ, ಟೆಂಡರ್ ಕರೆಯುವ ಮುನ್ನವೇ ಸೇರಿಸುವಂತೆ ತಮ್ಮ ಸಚಿವಾಲಯದ ಅಧಿಕಾರಿಗಳಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸುಟ್ಟಗಾಯಗಳ ವಾರ್ಡಿನ ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ
ಹುಬ್ಬಳ್ಳಿ